ಗಾಂಜಾ ಮತ್ತು ಅಮ್ಮ, ಎರಡೂ ಒಂದೇ ತಕ್ಕಡಿಯಲ್ಲಾ?

ಅಮೆರಿಕದ ರಕ್ಷಣಾ ಗುತ್ತಿಗೆ ಕಂಪನಿಗಳಲ್ಲಿ ಎಷ್ಟೋ ಹುದ್ದೆಗಳಿಗೆ ಸೆಕ್ಯುರಿಟಿ ಕ್ಲಿಯರೆನ್ಸ್ ಬೇಕು. ಅಲ್ಲಿನ ಪೌರತ್ವ ಪಡೆದ ನಮ್ಮವರೂ ಅರ್ಜಿ ಹಾಕುತ್ತಾರೆ. ಸರ್ಕಾರ ಬೇಡ ಅನ್ನಲು ಹೊರಟಾಗ ಕಳಿಸುವ ಕಾರಣಗಳ ಪಟ್ಟಿಯಲ್ಲಿ ಕೆಲವೊಮ್ಮೆ ಎರಡು ಜೊತೆಯಾಗಿ ಕೂತಿರುತ್ತವೆ. ಒಂದು, ಯಾವಾಗಲೋ ಸೇದಿದ ಗಾಂಜಾ. ಇನ್ನೊಂದು, ಮೈಸೂರಲ್ಲೋ ಹಾಸನದಲ್ಲೋ ಇರುವ ಅಪ್ಪ-ಅಮ್ಮ!

2017ರಿಂದ ಜಾರಿಯಲ್ಲಿರುವ 13 ಮಾನದಂಡಗಳಲ್ಲಿ ವಿದೇಶಿ ಪ್ರಭಾವ ಎರಡನೆಯದು, ಮಾದಕ ವಸ್ತು ಎಂಟನೆಯದು. ಗಾಂಜಾ ಸೇದಿದ್ದು ನಾವಾಗಿಯೇ. ಅಮ್ಮನನ್ನು ಆರಿಸಿಕೊಂಡವರು ಯಾರು ಸ್ವಾಮಿ?

ಆದರೂ ಆ ಪ್ರಶ್ನೆಯೇ ತಪ್ಪು ಅಂತ ನಾನು ಹೇಳಲಾರೆ. ಊರಲ್ಲಿರುವವರ ಮೂಲಕ ಯಾರಾದರೂ ನಿಮ್ಮನ್ನು ಹೆದರಿಸಬಹುದೇ ಅಂತ ಅವರು ಕೇಳುತ್ತಾರೆ, ಕೇಳಲಿ. ನನ್ನ ತಕರಾರು ಬೇರೆ. ಕ್ಲಿಯರೆನ್ಸ್ ಯಾರ ಹಕ್ಕೂ ಅಲ್ಲ ಅಂತ ಅಲ್ಲಿನ ಸುಪ್ರೀಂ ಕೋರ್ಟ್ 1988ರ ಈಗನ್ ಪ್ರಕರಣದಲ್ಲೇ ಹೇಳಿಬಿಟ್ಟಿದೆ. ಅನುಮಾನ ಉಳಿದರೆ ತೀರ್ಪು ನಿಮ್ಮ ವಿರುದ್ಧವೇ. ಅಂದರೆ ಅಮ್ಮನಿಂದ ಅಪಾಯವಿಲ್ಲ ಅಂತ ಮಗನೇ ತೋರಿಸಬೇಕು!

ಹಾಗಂತ ಕೈಚೆಲ್ಲಬೇಕಿಲ್ಲ. ಗುತ್ತಿಗೆ ಕಂಪನಿಯ ನೌಕರರಿಗೆ ಪಟ್ಟಿ ಕೈಗೆ ಬಂದ ಮೇಲೆ ಉತ್ತರಿಸಲು 20 ದಿನ. ಆಗಲೇ ನ್ಯಾಯಾಧೀಶರ ಮುಂದೆ ವಿಚಾರಣೆ ಕೇಳಿ, ಇರುವ ದಾಖಲೆಯನ್ನೆಲ್ಲಾ ಅಲ್ಲೇ ಸುರಿಯಬೇಕು. 'ಮೇಲ್ಮನವಿಯಲ್ಲಿ ನೋಡಿಕೊಳ್ಳೋಣ' ಅಂದರೆ ಕೆಟ್ಟಿರಿ. ತೀರ್ಪು ಬಂದ 15 ದಿನದೊಳಗೆ ಮೇಲ್ಮನವಿಗೆ ನೋಟಿಸ್ ಕೊಡಬಹುದು, ನಿಜ. ಆದರೆ ಅಲ್ಲಿ ಹೊಸ ಸಾಕ್ಷ್ಯಕ್ಕೆ ಜಾಗವಿಲ್ಲ. ನ್ಯಾಯಾಧೀಶರು ಎಡವಿದ್ದಾರೆಯೇ ಅಂತ ಮಾತ್ರ ನೋಡುತ್ತಾರೆ.

ಗಾಂಜಾ ವಿಷಯಕ್ಕೆ ಬಂದರೆ, 'ನಮ್ಮ ರಾಜ್ಯದಲ್ಲಿ ಅದಕ್ಕೆ ಅನುಮತಿ ಇದೆ' ಅನ್ನುವ ವಾದದಿಂದ ಪಾರಾಗಲು ಆಗುವುದಿಲ್ಲ, ಲೆಕ್ಕಕ್ಕೆ ಬರುವುದು ಕೇಂದ್ರದ ಕಾನೂನು. ಕೈಹಿಡಿಯುವುದು ಮೂರು: ಬಿಟ್ಟು ಎಷ್ಟು ಕಾಲವಾಯಿತು, ಆ ಸಹವಾಸ ತೊರೆದಿರಾ, ಇನ್ನು ಮುಟ್ಟಿದರೆ ಕ್ಲಿಯರೆನ್ಸ್ ಕಳೆದುಕೊಳ್ಳುತ್ತೇನೆ ಅಂತ ಒಪ್ಪಿ ಸಹಿ ಹಾಕಿದಿರಾ. ಹಿಂದೆ ಗಾಂಜಾ ಸೇದಿದ್ದೊಂದರಿಂದಲೇ ತೀರ್ಮಾನ ಮಾಡಬೇಕಿಲ್ಲ ಅಂತ 2021ರ ಡಿಸೆಂಬರಿನಲ್ಲಿ ಗುಪ್ತಚರ ಮುಖ್ಯಸ್ಥೆ ಆವ್ರಿಲ್ ಹೇನ್ಸ್ ಕೂಡ ಸ್ಪಷ್ಟಪಡಿಸಿದರು. ಅರ್ಜಿಯಲ್ಲಿ ಮುಚ್ಚಿಟ್ಟರೆ ಮಾತ್ರ ಸೇದಿದ್ದಕ್ಕಿಂತ ಸುಳ್ಳೇ ದೊಡ್ಡದಾಗಿ ಕೂರುತ್ತದೆ.

ಮನೆಯವರ ವಿಷಯದಲ್ಲಿ ನನ್ನದು ಒಂದೇ ಮಾತು. ನೌಕರಿಗಾಗಿ ಊರಿಗೆ ಫೋನ್ ಮಾಡುವುದನ್ನು ಬಿಡಬೇಡಿ. ನಿಯಮ ಕೇಳುವುದು ಅಮ್ಮನನ್ನು ಮರೆತಿರಾ ಅಂತಲ್ಲ, ಅಲ್ಲಿ ಎಷ್ಟು ಬೇರೂರಿದ್ದೀರಿ ಅಂತ. ಹೆಂಡತಿ-ಮಕ್ಕಳು, ಮನೆ, ವರ್ಷಗಳ ದುಡಿಮೆ ಎಲ್ಲ ಅದಕ್ಕೆ ಸಾಕ್ಷಿ. ಹೆತ್ತವಳನ್ನೇ ತೊರೆಯುವವನ ನಿಷ್ಠೆಯನ್ನು ಯಾವ ದೇಶ ತಾನೇ ನಂಬೀತು?

ನೀವೇನಂತೀರಿ?