ಜಾಲತಾಣದಲ್ಲಿ ಅಕ್ಷರಶುದ್ಧಿ

ಬರೆಹವಿರುವುದು ಓದುವುದಕ್ಕೋಸ್ಕರ. ಈ ಮಾತನ್ನು ಒಪ್ಪದವರಿಲ್ಲ. ಆದರೂ ಈಚೆಗೆ ಶಾಲೆಗಳವರೂ, ದೇವಸ್ಥಾನಗಳ ಧರ್ಮದರ್ಶಿಗಳೂ, ಸಹಕಾರ ಸಂಘಗಳವರೂ, ಮನೆಯಲ್ಲಿಯೇ ಹಪ್ಪಳ ಉಪ್ಪಿನಕಾಯಿಗಳ ವ್ಯಾಪಾರವನ್ನು ನಡೆಯಿಸುವ ಗೃಹಿಣಿಯರೂ ತಂತಮ್ಮ ಹೆಸರಿನಲ್ಲಿ ಮಾಡಿಸುತ್ತಿರುವ ಜಾಲತಾಣಗಳನ್ನು ತೆರೆದು ನೋಡಿದರೆ, ಅಲ್ಲಿ ಅಲಂಕಾರಕ್ಕೆ ದೊರೆತ ಮನ್ನಣೆಯು ಓದುಗನಿಗೆ ದೊರೆತಿಲ್ಲವೆಂದು ಅನೇಕ ಕಡೆಗಳಲ್ಲಿ ತೋರಿಬರುತ್ತದೆ. ಇಪ್ಪತ್ತು ಇಪ್ಪತ್ತೈದು ವರ್ಷಗಳ ಹಿಂದಿನ ಪದ್ಧತಿಗಳು, ಅವುಗಳ ಅವಶ್ಯಕತೆಯು ತೀರಿದ ಮೇಲೆಯೂ, ರೂಢಿಯ ಬಲದಿಂದ ಉಳಿದುಕೊಂಡಿವೆ. ಇದೆಲ್ಲ ಕುಶಲಕರ್ಮಿಗಳ ವಿಷಯವೆಂದು ನಾವು ಸುಮ್ಮನಿರುವ ಹಾಗಿಲ್ಲ; ಯಾಕಂದರೆ ಹಣವನ್ನು ಕೊಟ್ಟು ಮಾಡಿಸುವವರು ಗೃಹಸ್ಥರಾದ ನಾವೇ, ಕೊನೆಗೆ ಅದನ್ನು ಓದಬೇಕಾದವರೂ ನಾವೇ.

ಪಾಣಿನೀಯ ಶಿಕ್ಷೆಯಲ್ಲಿ ಉತ್ತಮ ಪಾಠಕನಿಗೆ ಆರು ಗುಣಗಳನ್ನೂ ಅಧಮ ಪಾಠಕನಿಗೆ ಆರು ದೋಷಗಳನ್ನೂ ಹೇಳಿದೆ. ಗುಣಗಳಲ್ಲಿ ಅಕ್ಷರವ್ಯಕ್ತಿ, ಪದಚ್ಛೇದಗಳು ಸೇರಿವೆ. ಅಂದರೆ ಅಕ್ಷರವು ಸ್ಪಷ್ಟವಾಗಿರಬೇಕು, ಪದಪದವೂ ಬೇರೆಬೇರೆಯಾಗಿ ತಿಳಿಯಬೇಕು. ದೋಷಗಳಲ್ಲಿ ತಲೆಯನ್ನು ಅಲ್ಲಾಡಿಸುತ್ತ ಓದುವುದೂ ಒಂದು. ಬಾಯಿಂದ ಓದುವವನಿಗಾಗಿ ಹೇಳಿದ ಈ ಲಕ್ಷಣಗಳು ಗಾಜಿನ ಪರದೆಯ ಮೇಲಿನ ಬರೆಹಕ್ಕೂ ಚೆನ್ನಾಗಿ ಸಲ್ಲುತ್ತವೆ.

ಮೊದಲನೆಯದು ಅಕ್ಷರವ್ಯಕ್ತಿ. ಅಚ್ಚುಕೂಟದಲ್ಲಿ ಒಂದೊಂದು ಮೊಳೆಗೂ ಒಂದೊಂದು ಮನೆಯಿರುವಂತೆ, ಗಣಕಯಂತ್ರದಲ್ಲಿ ಒಂದೊಂದು ಅಕ್ಷರಕ್ಕೂ ಒಂದು ಸಂಖ್ಯೆಯುಂಟು. ಹಿಂದೆ ಒಂದು ಫಾಂಟಿಗೆ ೨೫೬ ಮನೆಗಳು ಮಾತ್ರ ದೊರೆಯುತ್ತಿದ್ದುವು. ಅವೂ ರೋಮನ್ ಅಕ್ಷರಗಳಿಗೆ ಮೀಸಲಾಗಿದ್ದುವು. ನುಡಿ, ಬರಹ ಮೊದಲಾದ ತಂತ್ರಾಂಶಗಳನ್ನು ರಚಿಸಿದವರು ಜಾಣತನದಿಂದ ಆ ಮನೆಗಳಲ್ಲಿಯೇ ಕನ್ನಡದ ತುಂಡುಗಳನ್ನು ಕೂಡಿಸಿದರು. ನುಡಿಯ ಹಳೆಯ ಫಾಂಟಿನಲ್ಲಿ ಇಂಗ್ಲಿಷಿನ ‘ಎ’ ಅಕ್ಷರದ ೬೫ನೆಯ ಮನೆಯಲ್ಲಿ ನಮ್ಮ ಅನುಸ್ವಾರವು ಕುಳಿತಿತ್ತು. ‘ಪಿ’ ಅಕ್ಷರದ ಮನೆಯಲ್ಲಿ ಕಕಾರದ ಒಡಲಿತ್ತು. ಪೌಂಡ್ ನಾಣ್ಯದ ಚಿಹ್ನೆಯ ಮನೆಯಲ್ಲಿ ನಕಾರವಿತ್ತು. ಆ ಕಾಲಕ್ಕೆ ಅದು ದೊಡ್ಡ ಉಪಕಾರವೇ ಸರಿ. ಕಚೇರಿಗಳಲ್ಲಿಯೂ ಮುದ್ರಣಾಲಯಗಳಲ್ಲಿಯೂ ಕನ್ನಡವು ಗಣಕಯಂತ್ರವನ್ನು ಹೊಕ್ಕದ್ದು ಇಂಥ ಉಪಾಯಗಳಿಂದಲೇ. ಪರಂತು ಕಣ್ಣಿಗೆ ಕನ್ನಡವಾಗಿ ಕಂಡದ್ದು ಯಂತ್ರದ ಒಳಗೆ ಕನ್ನಡವಾಗಿರಲಿಲ್ಲ. ಆ ಫಾಂಟಿಲ್ಲದ ಯಂತ್ರದಲ್ಲಿ ತೆರೆದರೆ ‘ಕನ್ನಡ’ ಎಂಬ ಪದವೇ ‘ಪಿ’ಯಿಂದ ಆರಂಭವಾಗಿ, ನಡುವೆ ಪೌಂಡಿನ ಚಿಹ್ನೆಯನ್ನು ಹೊತ್ತು, ಯಾರಿಗೂ ತಿಳಿಯದ ಏಳು ಗುರುತುಗಳ ಸಾಲಾಗಿ ನಿಲ್ಲುತ್ತಿತ್ತು.

ಈ ಕಷ್ಟಕ್ಕೆ ಪರಿಹಾರವು ಯೂನಿಕೋಡ್ ಎಂಬ ವ್ಯವಸ್ಥೆಯಿಂದ ದೊರೆಯಿತು. ೧೯೯೧ರಲ್ಲಿ ಹೊರಟ ಅದರ ಮೊದಲನೆಯ ಆವೃತ್ತಿಯಲ್ಲಿಯೇ ಕನ್ನಡಕ್ಕೆ ೧೨೮ ಮನೆಗಳ ಒಂದು ಕೇರಿಯನ್ನು ಬೇರೆಯಾಗಿ ಬಿಟ್ಟುಕೊಟ್ಟಿದ್ದಾರೆ. ಅದರಲ್ಲಿ ಕಕಾರದ ಸಂಖ್ಯೆಯು ೩೨೨೧, ಷಕಾರದ್ದು ೩೨೫೫, ಹಲಂತದ್ದು ೩೨೭೭. ‘ಕ್ಷ’ ಎಂಬ ಸಂಯುಕ್ತಾಕ್ಷರಕ್ಕೆ ಪ್ರತ್ಯೇಕವಾದ ಮನೆಯಿಲ್ಲ. ಕಕಾರ, ಹಲಂತ, ಷಕಾರಗಳನ್ನು ಕ್ರಮವಾಗಿ ಇಟ್ಟರೆ ಯಂತ್ರವು ತಾನಾಗಿ ಒತ್ತನ್ನು ಕೂಡಿಸುತ್ತದೆ. ನಮ್ಮ ವ್ಯಾಕರಣದಲ್ಲಿ ಸಂಯುಕ್ತಾಕ್ಷರವನ್ನು ಬಿಡಿಸಿ ಹೇಳುವ ಕ್ರಮವೂ ಇದೇ ಅಲ್ಲವೆ? ೨೦೦೧ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ ಎಂಬ ಕಾರ್ಯವ್ಯವಸ್ಥೆಯಲ್ಲಿ ‘ತುಂಗಾ’ ಎಂಬ ಯೂನಿಕೋಡ್ ಕನ್ನಡ ಫಾಂಟು ಜೊತೆಯಲ್ಲಿಯೇ ಇತ್ತು. ಈಗಿನ ಮೊಬೈಲುಗಳಲ್ಲಿ ಕನ್ನಡವನ್ನು ಓದುವುದಕ್ಕೆ ಬೇರೆ ಏನನ್ನೂ ಹಾಕಿಕೊಳ್ಳಬೇಕಾದ್ದಿಲ್ಲ. ಹೀಗಿರುವಾಗ ಇಂದಿಗೂ ಹಳೆಯ ಫಾಂಟಿನಲ್ಲಿಯೇ ಜಾಲತಾಣವನ್ನು ತುಂಬುವುದು, ಊರ ನಡುವೆ ನಲ್ಲಿಯ ನೀರು ಬಂದಮೇಲೂ ಹೂಳು ತುಂಬಿದ ಬಾವಿಗೆ ಹಗ್ಗ ಇಳಿಬಿಟ್ಟ ಹಾಗಾಗುತ್ತದೆ.

ಇದರಿಂದ ಆಗುವ ನಷ್ಟವು ಅಂದಚಂದದ್ದು ಮಾತ್ರವಲ್ಲ. ಒಂದು ಸಂಸ್ಥೆಯವರು ಬಡ ವಿದ್ಯಾರ್ಥಿಗಳಿಗೆ ವೇತನವನ್ನು ಕೊಡುವುದಾಗಿ ಪ್ರಕಟಿಸಿದರೆನ್ನಿ. ಅದು ಹಳೆಯ ಫಾಂಟಿನಲ್ಲಿದ್ದರೆ, ‘ವಿದ್ಯಾರ್ಥಿವೇತನ’ ಎಂದು ಹುಡುಕಿದ ಹುಡುಗನಿಗೆ ಆ ಪ್ರಕಟಣೆಯು ಸಿಕ್ಕುವುದಿಲ್ಲ. ಕಣ್ಣಿಲ್ಲದವರಿಗಾಗಿ ಪರದೆಯ ಬರೆಹವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶಗಳುಂಟಷ್ಟೆ. ಅವು ಇಂಥ ಪುಟದಲ್ಲಿ ಅರ್ಥವಿಲ್ಲದ ಸದ್ದುಗಳನ್ನು ಹೊರಡಿಸುತ್ತವೆ. ಬರೆಹವನ್ನು ಚಿತ್ರವಾಗಿ ಮಾಡಿ ಅಂಟಿಸುವುದರಲ್ಲಿಯೂ ಇದೇ ದೋಷವಿದೆ. ಚಿತ್ರದೊಳಗಿನ ಅಕ್ಷರವನ್ನು ದೊಡ್ಡದು ಮಾಡಿದರೆ ಅಂಚು ಮಸಕಾಗುತ್ತದೆ, ಸಾಲು ಪರದೆಯ ಹೊರಗೆ ಹೋಗುತ್ತದೆ. ಅವಶ್ಯವಾಗಿ ಚಿತ್ರವನ್ನೇ ಹಾಕಬೇಕಾದರೆ ಅದರಲ್ಲಿರುವ ಮಾತುಗಳನ್ನು ಕೆಳಗೆ ಅಕ್ಷರದಲ್ಲಿಯೂ ಕೊಡತಕ್ಕದ್ದು.

ಇನ್ನೊಂದು ಸೂಕ್ಷ್ಮವಾದ ತಪ್ಪುಂಟು. ಕನ್ನಡದ ಸೊನ್ನೆಯೂ ಅನುಸ್ವಾರವೂ ನೋಡುವುದಕ್ಕೆ ಒಂದೇ ತೆರನಾದ ವೃತ್ತಗಳು. ಆದರೆ ಅನುಸ್ವಾರದ ಸಂಖ್ಯೆ ೩೨೦೨, ಸೊನ್ನೆಯ ಸಂಖ್ಯೆ ೩೩೦೨. ‘ಬೆಂಗಳೂರು’ ಎಂಬಲ್ಲಿ ಅನುಸ್ವಾರದ ಬದಲು ಸೊನ್ನೆಯನ್ನು ಒತ್ತಿದರೆ ಕಣ್ಣು ಮೋಸಹೋಗುತ್ತದೆ. ಯಂತ್ರಕ್ಕಾದರೋ ಅದು ಬೇರೆ ಪದವಾಗಿಯೇ ತೋರುತ್ತದೆ. ಹಳೆಯ ಫಾಂಟುಗಳ ಬರೆಹವನ್ನು ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳು ಈಗ ದೊರೆಯುತ್ತವೆ. ಹಿಂದಿನ ಸಂಚಿಕೆಗಳನ್ನೂ ಲೇಖನಗಳನ್ನೂ ಇಟ್ಟುಕೊಂಡಿರುವ ಸಂಸ್ಥೆಗಳವರು ಅವುಗಳನ್ನು ಬೇಗನೆ ಪರಿವರ್ತಿಸಿಕೊಳ್ಳುವುದು ಒಳ್ಳೆಯದು. ಆದರೆ ಪರಿವರ್ತನೆಯಾದ ಮೇಲೆ ಕರಡನ್ನು ತಿದ್ದುವ ಹಾಗೆ ಸೊನ್ನೆ, ಅರ್ಕಾವೊತ್ತು, ಒತ್ತಕ್ಷರಗಳನ್ನು ಒಬ್ಬರು ಕುಳಿತು ನೋಡಲೇಬೇಕು.

ಎರಡನೆಯದು ಪದಚ್ಛೇದ. ಇಂಗ್ಲಿಷಿಗಾಗಿ ಮಾಡಿದ ಅಳತೆಗಳನ್ನು ಕನ್ನಡಕ್ಕೆ ಹಾಗೆಯೇ ತೊಡಿಸಿದರೆ ಒಪ್ಪುವುದಿಲ್ಲ. ‘ಸ್ತ್ರೀ’, ‘ಶಾಸ್ತ್ರ’ ಮೊದಲಾದ ಪದಗಳಲ್ಲಿ ಒತ್ತುಗಳು ಕೆಳಗಿಳಿಯುತ್ತವೆ. ಕೆಳಗಿನ ಸಾಲಿನ ಗುಡಿಸು, ಏತ್ವಗಳು ಮೇಲಕ್ಕೇರುತ್ತವೆ. ಸಾಲುಗಳ ನಡುವೆ ಸ್ಥಳ ಸಾಲದಿದ್ದರೆ ಇವೆರಡೂ ಒಂದನ್ನೊಂದು ತಾಕುತ್ತವೆ. ಆದುದರಿಂದ ಸಾಲಿನ ಎತ್ತರವು ಅಕ್ಷರದ ಗಾತ್ರದ ಒಂದೂವರೆಯಷ್ಟಾದರೂ ಇರಲಿ. ಪದಗಳ ಕೆಳಗೆ ಗೆರೆಯನ್ನೆಳೆದರೆ ಅದು ಒತ್ತುಗಳನ್ನು ಕೊಯ್ಯುತ್ತದೆ. ಅಲ್ಲದೆ ಜಾಲತಾಣದಲ್ಲಿ ಅಡಿಗೆರೆಯು ಕೊಂಡಿಯ ಗುರುತಾದ್ದರಿಂದ ಓದುಗನು ವೃಥಾ ಅದನ್ನು ಒತ್ತಿ ನೋಡುತ್ತಾನೆ. ವಾಲಿದ ಅಕ್ಷರಗಳು ಇಂಗ್ಲಿಷಿನಲ್ಲಿ ಹಳೆಯ ಸಂಪ್ರದಾಯ. ಕನ್ನಡದ ಫಾಂಟುಗಳಲ್ಲಿ ಹೆಚ್ಚಾಗಿ ಅಂಥ ರೂಪವೇ ಇಲ್ಲದಿರುವುದರಿಂದ ಯಂತ್ರವು ನೆಟ್ಟಗಿದ್ದುದನ್ನು ಬಲಾತ್ಕಾರದಿಂದ ಓರೆಮಾಡುತ್ತದೆ. ಒತ್ತಿ ಹೇಳಬೇಕಾದ ಮಾತನ್ನು ದಪ್ಪ ಅಕ್ಷರದಲ್ಲಿ ಹಾಕಿದರೆ ಸಾಕು.

ಸಾಲಿನ ಎರಡು ಅಂಚುಗಳನ್ನೂ ಸಮನಾಗಿ ಕತ್ತರಿಸುವ ಆಸೆಯೂ ಮೊಬೈಲಿನಲ್ಲಿ ತೊಡಕನ್ನು ತರುತ್ತದೆ. ಸಂಧಿ ಸಮಾಸಗಳಿಂದಲೂ ಪ್ರತ್ಯಯಗಳಿಂದಲೂ ನಮ್ಮ ಪದಗಳು ಉದ್ದವಾಗಿರುತ್ತವೆ. ಕಿರಿದಾದ ಪರದೆಯಲ್ಲಿ ಒಂದು ಸಾಲಿಗೆ ಎರಡೋ ಮೂರೋ ಪದಗಳು ಹಿಡಿಸಿದಾಗ, ಅಂಚನ್ನು ಸರಿಮಾಡಲು ಯಂತ್ರವು ಪದಗಳ ನಡುವೆ ಹಳ್ಳಗಳನ್ನು ತೋಡುತ್ತದೆ. ಎಡದ ಅಂಚು ನೇರವಾಗಿದ್ದು ಬಲದ ಅಂಚು ಹೇಗಾದರೂ ಇರಲಿ. ಉದ್ದವಾದ ಬರೆಹವನ್ನು ನಡುವಿಗೆ ಕೂಡಿಸುವುದು ಲಗ್ನಪತ್ರಿಕೆಗೆ ಒಪ್ಪುವುದೇ ಹೊರತು ಲೇಖನಕ್ಕೆ ಒಪ್ಪುವುದಿಲ್ಲ.

ಇನ್ನು ತಲೆಯಲ್ಲಾಡಿಸುವ ದೋಷ. ಮಿನುಗುವ ಅಕ್ಷರಗಳೂ, ರೈಲುಬಂಡಿಯಂತೆ ಪರದೆಯ ಮೇಲೆ ಓಡುವ ಸಾಲುಗಳೂ ೧೯೯೦ರ ದಶಕದ ವಿನೋದಗಳು. ಮಿನುಗಿಸುವ ಆಜ್ಞೆಯನ್ನು ಫೈರ್‌ಫಾಕ್ಸ್ ೨೦೧೩ರಲ್ಲಿ ಕೈಬಿಟ್ಟಿತು. ಓಡಿಸುವ ಆಜ್ಞೆಯನ್ನು ಈಗಿನ ನಿಯಮಗಳು ಬಳಕೆತಪ್ಪಿದ್ದೆಂದು ಹೇಳುತ್ತವೆ. ಆದಾಗ್ಯೂ ‘ಮುಖ್ಯ ಸೂಚನೆ’ಯೇ ಅನೇಕ ಜಾಲತಾಣಗಳಲ್ಲಿ ಓಡುತ್ತಿರುತ್ತದೆ! ವೃದ್ಧರು ಅರ್ಧವನ್ನು ಓದುವುದರೊಳಗೆ ಉಳಿದರ್ಧವು ಮಾಯವಾಗಿರುತ್ತದೆ. ಮುಖ್ಯವಾದುದು ನಿಂತಲ್ಲಿಯೇ ನಿಲ್ಲಬೇಕು.

ಬಣ್ಣದ ವಿಷಯದಲ್ಲಿಯೂ ಒಂದು ಅಳತೆಯುಂಟು. ೨೦೦೮ರಲ್ಲಿ ಗೊತ್ತುಮಾಡಿದ ಅಂತರರಾಷ್ಟ್ರೀಯ ಸೂತ್ರಗಳ ಪ್ರಕಾರ ಸಾಮಾನ್ಯ ಗಾತ್ರದ ಅಕ್ಷರಕ್ಕೂ ಅದರ ಹಿನ್ನೆಲೆಗೂ ಇರುವ ಬೆಳಕಿನ ಅನುಪಾತವು ೪.೫ಕ್ಕೆ ಕಡಮೆಯಾಗಕೂಡದು. ಬಿಳಿಯ ಮೇಲೆ ಕಪ್ಪಿಗೆ ಅದು ೨೧. ಬಿಳಿಯ ಮೇಲೆ ಅಚ್ಚ ಹಳದಿಗೆ ೧ಕ್ಕಿಂತ ತುಸುವೇ ಹೆಚ್ಚು. ಬೇರೆ ವಾದವೇ ಬೇಡ.

ಕೊನೆಯದಾಗಿ ಒಂದು ಒಳಗಿನ ಮಾತು. ಹಿಂದೆ ಪ್ರತಿಯೊಂದು ವಾಕ್ಯಕ್ಕೂ ಫಾಂಟು, ಗಾತ್ರ, ಬಣ್ಣಗಳನ್ನು ಅಲ್ಲಲ್ಲಿಯೇ ಬರೆಯುತ್ತಿದ್ದರು. ೧೯೯೭ರ ನಾಲ್ಕನೆಯ ಎಚ್‌ಟಿಎಂಎಲ್ ನಿಯಮವೇ ಆ ಕ್ರಮವನ್ನು ಬಿಡಿರೆಂದು ಹೇಳಿತು. ವೇಷದ ಸೂಚನೆಗಳೆಲ್ಲ ಒಂದೇ ಕಡೆ ಇದ್ದರೆ ಒಂದು ಸಲ ತಿದ್ದಿದಾಗ ಎಲ್ಲ ಪುಟಗಳೂ ತಿದ್ದಿಕೊಳ್ಳುತ್ತವೆ. ಶೀರ್ಷಿಕೆಯನ್ನು ದಪ್ಪಗೆ ಮಾಡಿದರೆ ಸಾಲದು. ಇದು ಶೀರ್ಷಿಕೆಯೆಂದು ಯಂತ್ರಕ್ಕೂ ತಿಳಿಸಬೇಕು. ಕಿವಿಯಿಂದ ಓದುವವರು ಶೀರ್ಷಿಕೆಯಿಂದ ಶೀರ್ಷಿಕೆಗೆ ದಾಟುತ್ತ ತಮಗೆ ಬೇಕಾದ್ದನ್ನು ಕಂಡುಕೊಳ್ಳುತ್ತಾರೆ. ಪುಟದ ಭಾಷೆಯು ಕನ್ನಡವೆಂದು ನಮೂದಿಸಿದರೆ ಓದುವ ಧ್ವನಿಯೂ ಕನ್ನಡದ್ದನ್ನೇ ಆರಿಸಿಕೊಳ್ಳುವುದಕ್ಕೆ ಅನುಕೂಲವಾಗುತ್ತದೆ.

ಇಷ್ಟನ್ನೆಲ್ಲ ಪರೀಕ್ಷಿಸುವುದಕ್ಕೆ ದೊಡ್ಡ ವಿದ್ಯೆ ಬೇಡ. ಜಾಲತಾಣವನ್ನು ಒಪ್ಪಿಸಿಕೊಳ್ಳುವ ಮೊದಲು ಅದರ ಒಂದು ಸಾಲನ್ನು ನಕಲುಮಾಡಿ ನಿಮ್ಮ ಮೊಬೈಲಿನ ಸಂದೇಶದಲ್ಲಿ ಅಂಟಿಸಿರಿ. ಕನ್ನಡವು ಕನ್ನಡವಾಗಿಯೇ ಉಳಿದರೆ ಅಕ್ಷರವು ಯೂನಿಕೋಡಿನದೆಂದು ತಿಳಿಯಿರಿ. ಅದರೊಳಗಿನ ಒಂದು ಪದವನ್ನು ಅದೇ ಪುಟದಲ್ಲಿ ಹುಡುಕಿ ನೋಡಿರಿ. ಅಕ್ಷರವನ್ನು ಎರಡರಷ್ಟು ದೊಡ್ಡದು ಮಾಡಿ ನೋಡಿರಿ. ಆಮೇಲೆ ಮೊಬೈಲನ್ನು ಮನೆಯ ಹಿರಿಯರ ಕೈಗೆ ಕೊಟ್ಟು, ಹಜಾರದ ಬೆಳಕಿನಲ್ಲಿ ಒಂದು ಪುಟವನ್ನು ಓದಿರೆಂದು ಕೇಳಿಕೊಳ್ಳಿರಿ. ಅವರು ಎಲ್ಲೆಲ್ಲಿ ತಡವರಿಸುವರೋ ಅಲ್ಲಲ್ಲಿ ಗುರುತುಮಾಡಿ, ತಾಣವನ್ನು ಮಾಡಿದವರಿಂದ ತಿದ್ದಿಸಿದ ಮೇಲೆಯೇ ಬಾಕಿ ಹಣವನ್ನು ಸಲ್ಲಿಸತಕ್ಕದ್ದು.