ಕಣ್ಣಳತೆಯ ಅರ್ಧ ದೂರ

ಬೀದಿಯ ಮೋಟಾರು ಎದುರಿಗೆ ಅಡ್ಡಿ ಕಂಡರೆ ಪಕ್ಕಕ್ಕೆ ಸರಿಯಬಲ್ಲುದು. ರೈಲುಗಾಡಿಗೆ ಆ ಭಾಗ್ಯವಿಲ್ಲ. ಹೊರೆ ತುಂಬಿದ ಗೂಡ್ಸ್ ಗಾಡಿ ಪೂರ್ಣ ವೇಗದಲ್ಲಿದ್ದರೆ, ಬ್ರೇಕು ಹಾಕಿದ ಮೇಲೂ ಮೈಲಿಯಷ್ಟು ದೂರ ಓಡಿ ನಿಲ್ಲುವುದುಂಟು. ಆದುದರಿಂದಲೇ ಹಳಿಯನ್ನು ಭಾಗಗಳಾಗಿ ವಿಂಗಡಿಸಿ, ಒಂದು ಗಾಡಿ ಇರುವೆಡೆಗೆ ಮತ್ತೊಂದು ನುಗ್ಗದಂತೆ ಸಿಗ್ನಲುಗಳ ಕಾವಲಿಟ್ಟಿರುವುದು.

ಆದರೆ ಸಿಗ್ನಲು ಕೆಟ್ಟಾಗ, ಇಲ್ಲವೆ ಗಾಡಿಯೊಂದು ನಿಂತಿರುವ ಹಳಿಗೇ ಇನ್ನೊಂದನ್ನು ಕಳುಹಬೇಕಾದಾಗ ಮಾಡುವುದೇನು? ಎಲ್ಲವನ್ನೂ ತಡೆದರೆ ಸಂಚಾರವೇ ಸ್ತಬ್ಧವಾದೀತು. ಇಂಥ ಸಮಯಕ್ಕೆಂದು ಅಮೆರಿಕದ ರೈಲ್ವೆಗಳಲ್ಲಿ ‘ನಿರ್ಬಂಧಿತ ವೇಗ’ವೆಂಬ ನಿಯಮವುಂಟು. ಗಂಟೆಗೆ 20 ಮೈಲಿಯನ್ನು, ಎಂದರೆ ಸುಮಾರು 32 ಕಿಲೋಮೀಟರನ್ನು, ಮೀರಕೂಡದೆಂಬುದು ಅದರ ಒಂದು ಅಂಶ ಮಾತ್ರ. ಮುಖ್ಯಾಂಶ ಬೇರೆ: ಚಾಲಕನಿಗೆ ಮುಂದೆ ಎಷ್ಟು ದೂರ ಕಾಣುವುದೋ ಅದರ ಅರ್ಧದೊಳಗೆ ಗಾಡಿಯನ್ನು ನಿಲ್ಲಿಸಬಲ್ಲಷ್ಟೇ ವೇಗವಿರಬೇಕು.

ಅರ್ಧವೇ ಏಕೆ? ಎದುರಿನ ಗಾಡಿ ನಿಂತೇ ಇರುವುದೆಂಬ ಭರವಸೆಯಿಲ್ಲ. ಅದೂ ಇತ್ತಲೇ ಬರುತ್ತಿರಬಹುದು. ಕಂಡ ದೂರವೆಲ್ಲ ತನ್ನದೇ ಎಂದು ಇಬ್ಬರು ಚಾಲಕರೂ ಎಣಿಸಿದರೆ ನಡುವೆ ಡಿಕ್ಕಿ ತಪ್ಪದು. ತಂತಮ್ಮ ಅರ್ಧದೊಳಗೆ ನಿಂತರೆ ಇಬ್ಬರೂ ಉಳಿಯುವರು. ತಿರುವಿನಲ್ಲಿ, ಮಂಜಿನಲ್ಲಿ ನೋಟ ಕುಗ್ಗಿದಂತೆ ವೇಗವೂ ಕುಗ್ಗಬೇಕು. 200 ಅಡಿ ಮಾತ್ರ ಕಂಡರೆ 100 ಅಡಿಯೊಳಗೆ ನಿಲ್ಲಬೇಕು. ಭಾರದ ಗಾಡಿಗೆ ಆಗ 20 ಮೈಲಿಯೂ ಅತಿವೇಗವೇ. ಮುರಿದ ಹಳಿ, ತಪ್ಪಾಗಿ ತಿರುಗಿಸಿದ ಕವಲು ಹಳಿ, ಇವುಗಳ ಮೇಲೂ ಕಣ್ಣಿರಬೇಕು.

ಆ ಕಣ್ಣೇ ಮುಚ್ಚಿದರೆ? 2011ರ ಏಪ್ರಿಲ್ 17ರ ಬೆಳಗ್ಗೆ, ಅಯೋವಾ ರಾಜ್ಯದ ರೆಡ್ ಓಕ್ ಊರಿನ ಬಳಿ, ಹಳಿ ದುರಸ್ತಿಯ ಯಂತ್ರಗಳನ್ನು ಹೊತ್ತು ನಿಂತಿದ್ದ ಗಾಡಿಯ ಹಿಂಭಾಗಕ್ಕೆ ಕಲ್ಲಿದ್ದಲಿನ ಗಾಡಿಯೊಂದು ಅಪ್ಪಳಿಸಿತು. ಸಿಗ್ನಲು ನಿರ್ಬಂಧಿತ ವೇಗವನ್ನೇ ಸೂಚಿಸಿತ್ತು. ಗಾಡಿಯ ವೇಗ ಸುಮಾರು 23 ಮೈಲಿ. ಎಂಜಿನಿನಲ್ಲಿದ್ದ ಸಿಬ್ಬಂದಿ ಇಬ್ಬರೂ ಮಡಿದರು. ಹೊತ್ತುಗೊತ್ತಿಲ್ಲದ ಪಾಳಿಗಳ ದಣಿವಿನಿಂದಲೂ ದೇಹಸ್ಥಿತಿಯಿಂದಲೂ ಅವರು ನಿದ್ರೆಗೆ ಜಾರಿದ್ದರೆಂದು ಅಲ್ಲಿನ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ನಿರ್ಣಯಿಸಿತು.

ಗಾಡಿಯನ್ನು ತಾನಾಗಿಯೇ ತಡೆಯುವ ಯಂತ್ರವ್ಯವಸ್ಥೆಯೊಂದು, ಕಾನೂನು ಗೊತ್ತುಮಾಡಿದ್ದ ಸುಮಾರು 57,500 ಮೈಲಿಗಳ ಅಮೆರಿಕದ ಮಾರ್ಗದಲ್ಲಿ 2020ರ ಅಂತ್ಯಕ್ಕೆ ಜಾರಿಗೆ ಬಂದಿತು. ವೇಗವು ಗರಿಷ್ಠ ಮಿತಿಯನ್ನು ಮೀರಿದರೆ ಅದು ತಡೆಯುತ್ತದೆ. ಆದರೆ ಮಿತಿಯೊಳಗೇ ಸಾಗುವ ಗಾಡಿಯನ್ನು, ಮುಂದೆ ನಿಂತ ಗಾಡಿಗೆ ತಗಲದಂತೆ ನಿಲ್ಲಿಸುವ ಹೊಣೆ ಇನ್ನೂ ಚಾಲಕನ ಕಣ್ಣಿನದೇ. ಆ ಕಣ್ಣಿಗೆ ಸಾಕಷ್ಟು ನಿದ್ರೆ ದೊರೆಯುವಂತೆ ನೋಡಿಕೊಳ್ಳುವುದೂ ರೈಲ್ವೆಯ ಸುರಕ್ಷತಾ ಕಾರ್ಯವಲ್ಲವೆ?