ಗಲ್ಲಾಪೆಟ್ಟಿಗೆ ಮುಂದೆ ಕೂತ ಓಟಗಾರರು

ಬ್ಯಾಡಗಿಯ ದಲಾಲಿ ಅಂಗಡಿಗಳಲ್ಲಿ ಲೆಕ್ಕ ಬರೆಯುವ ಹುಡುಗರ ಪೈಕಿ ಪೊಲೀಸ್ ಪೇದೆ ಭರ್ತಿಯ ಕನಸು ಕಟ್ಟಿದವರಿಗೆ ಬರವಿಲ್ಲ. 1600 ಮೀಟರು, ಆರೂವರೆ ನಿಮಿಷ. ಮೀರಿದರೆ ಮನೆಯ ದಾರಿ. ಬೆಳಗಿನ ಜಾವ ಎದ್ದು ಓಡುತ್ತಾರೆ, ಸರಿ. ಆಮೇಲೆ? ಸೋಮವಾರ, ಗುರುವಾರ ಮೆಣಸಿನಕಾಯಿ ಟೆಂಡರು ಬಂತೆಂದರೆ ಕುರ್ಚಿ ಬಿಟ್ಟು ಏಳುವಂತಿಲ್ಲ. ತೊಡೆಸಂದಿನ ಸ್ನಾಯು ಬಿಗಿಯುತ್ತದೆ, ಮರುದಿನ ಓಟದ ಹೆಜ್ಜೆ ಗಿಡ್ಡವಾಗುತ್ತದೆ.

ಇದಕ್ಕೆ ಅಂಗಡಿಯಲ್ಲೇ ಕಸರತ್ತುಂಟು. ಕೂತಲ್ಲೇ ಮೊಣಕಾಲು ನೆಟ್ಟಗೆ ಚಾಚಿ ಹತ್ತು ಎಣಿಸಿ ಇಳಿಸುವುದು. ಪಾದ ತಿರುಗಿಸುವುದು. ಫೋನು ಬಂದರೆ ಎದ್ದು ನಿಂತು ಮಾತಾಡುತ್ತಲೇ ಹಿಮ್ಮಡಿ ಎತ್ತಿ ಇಳಿಸುವುದು. ಮೀನಖಂಡ ಗಟ್ಟಿಯಾಗಲು ಇಷ್ಟು ಅಗ್ಗದ ಉಪಾಯ ಬೇರೆಯಿಲ್ಲ. ಕೈಯೂರದೆ ಕುರ್ಚಿಯಿಂದ ಹತ್ತು ಸಲ ಎದ್ದು ಕೂತರೆ ಬೈಠಕ್ ತೆಗೆದಂತೆಯೇ. ಒಂದು ಕಾಲು ಹಿಂದಿಟ್ಟು ಸೊಂಟ ಮುಂದಕ್ಕೊತ್ತಿದರೆ ಬಿಗಿದದ್ದು ಸಡಿಲಾಗುತ್ತದೆ. ಇದು ಓಟಕ್ಕೆ ಬದಲಿಯಲ್ಲ, ಬೆಳಿಗ್ಗೆ ಗಳಿಸಿದ್ದನ್ನು ಕುರ್ಚಿ ನುಂಗದಂತೆ ಕಾಯುವ ಕೆಲಸ.

ಅಡ್ಡಿಯಿರುವುದು ಸಾಹುಕಾರರ ಕಣ್ಣಿನಲ್ಲಿ. ಹುಡುಗ ಎದ್ದರೆ ಸಾಕು, ‘ಏನೋ ತಮ್ಮಾ, ಲೆಕ್ಕ ಬಿಟ್ಟು ಕುಣ್ಯಾಕತ್ತೀ?’ ಅಂತ ಗದರಿಕೆ. ಆದರೆ ಕೂತೇ ಇರುವ ಡ್ರೈವರುಗಳಿಗಿಂತ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಿಗೆ ಹೃದಯದ ಕಾಯಿಲೆ ಕಡಿಮೆ ಎಂದು ಲಂಡನ್ ಬಸ್ಸುಗಳ ನೌಕರರನ್ನು ನೋಡಿ ಡಾ. ಜೆರ್ರಿ ಮೋರಿಸ್ 1953ರಲ್ಲೇ ಬರೆದರು. ಗಾದಿಗೆ ಒರಗಿದ ಸಾಹುಕಾರರಿಗೂ ಎದೆಯೊಂದು ಇದೆಯಲ್ಲ!

ಗಂಟೆಗೆ ಎರಡು ನಿಮಿಷ ಗುಮಾಸ್ತ ಎದ್ದು ನಿಂತರೆ ಮೆಣಸಿನಕಾಯಿ ದರವೇನೂ ಬೀಳುವುದಿಲ್ಲ. ಟೆಂಡರಿಲ್ಲದ ಮಂಗಳವಾರದಿಂದಲೇ ಶುರುವಾಗಲಿ.